ಬೆಂಗಳೂರಿನ ರಿಪೋರ್ಟ್ ತೋರಿಸಿದರೆ ಅಮೆರಿಕದ ಶಾಲೆಯಲ್ಲಿ ಥೆರಪಿ ಶುರುವಾಗುತ್ತದೆಯೇ?

ನಮಸ್ಕಾರ. ಮಗನಿಗೆ ಏಳು ವರ್ಷ, ಮಾತು ತಡ, ಆಟಿಸಂ ಎಂದು ಬೆಂಗಳೂರಿನಲ್ಲಿ ರಿಪೋರ್ಟ್ ಆಗಿದೆ, ಎಚ್-1ಬಿ ಮೇಲೆ ಬರುತ್ತಿದ್ದೇವೆ, ಇಲ್ಲಿನ ಶಾಲೆಯಲ್ಲಿ ಏನು ಸಿಗುತ್ತದೆ, ಐಇಪಿ ಮತ್ತು 504 ಅಂದರೇನು ಎಂದು ಕೇಳಿದ್ದೀರಿ.

ವೀಸಾದ ಚಿಂತೆ ಬಿಡಿ. ಪಬ್ಲಿಕ್ ಸ್ಕೂಲಿನಲ್ಲಿ (ಇಲ್ಲಿ ಹಾಗೆಂದರೆ ಸರ್ಕಾರಿ ಶಾಲೆ) ಅದನ್ನು ನೋಡುವುದಿಲ್ಲ, ಈ ಸೇವೆಗಳಿಗೆ ಫೀಸೂ ಇಲ್ಲ. ಆದರೆ ರಿಪೋರ್ಟ್ ಕೊಟ್ಟ ಮಾತ್ರಕ್ಕೆ ಥೆರಪಿ ಶುರುವಾಗುವುದಿಲ್ಲ. ಶಾಲೆಗೆ ಅದೊಂದು ಮಾಹಿತಿ ಅಷ್ಟೆ. ಐಇಪಿ ಎಂದರೆ ಆ ಮಗುವಿಗೆಂದೇ ಗುರಿಗಳನ್ನೂ ಸೇವೆಗಳನ್ನೂ ಬರೆದಿಟ್ಟ ವಿಶೇಷ ಶಿಕ್ಷಣದ ಯೋಜನೆ. ಅದು ಸಿಗಲು, ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕೆಂದು ಇರುವ ಐಡಿಇಎ ಎಂಬ ಫೆಡರಲ್ ಕಾನೂನಿನ ಪ್ರಕಾರ ಎರಡು ಸಂಗತಿ ಸಾಬೀತಾಗಬೇಕು: ಮಗುವಿನ ತೊಂದರೆ ಅದರಲ್ಲಿ ಹೇಳಿರುವ 13 ವಿಧಗಳಲ್ಲಿ ಒಂದಾಗಿರಬೇಕು, ಮತ್ತು ಅದರಿಂದ ಓದಿಗೆ ಪೆಟ್ಟು ಬಿದ್ದು ವಿಶೇಷ ಬೋಧನೆಯ ಅಗತ್ಯ ಇರಬೇಕು. ಡಾಕ್ಟರ ಕಾಗದ ಇದ್ದೂ ಶಾಲೆ ಐಇಪಿ ನಿರಾಕರಿಸುವುದು ಈ ಎರಡನೆಯ ಷರತ್ತಿನ ಮೇಲೆ. ಇಲ್ಲಿ ಓದು ಎಂದರೆ ಬರೀ ಮಾರ್ಕ್ಸ್ ಅಲ್ಲ. ಮಾತು, ಸಹಪಾಠಿಗಳೊಂದಿಗೆ ಬೆರೆಯುವುದು, ತರಗತಿಯಲ್ಲಿ ಕೂರುವುದು ಎಲ್ಲವೂ ಸೇರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ವಾದ ಗೆದ್ದಂತೆ.

504 ಪ್ಲಾನ್ ಬೇರೆ ಕಾನೂನಿನದು, 1973ರ ರಿಹ್ಯಾಬಿಲಿಟೇಶನ್ ಆ್ಯಕ್ಟ್‌ನ ಒಂದು ಸೆಕ್ಷನ್. ಸಾಮಾನ್ಯವಾಗಿ ಅದರಲ್ಲಿ ಸಿಗುವುದು ಅನುಕೂಲಗಳು: ಮುಂದಿನ ಬೆಂಚು, ಪರೀಕ್ಷೆಗೆ ಹೆಚ್ಚು ಸಮಯ, ನಡುವೆ ಎದ್ದು ಓಡಾಡಲು ಬಿಡುವು. ಪಾಠ ಹೇಳಿಕೊಡುವ ರೀತಿಯೇ ಬದಲಾಗಬೇಕು, ಗುರಿಗಳನ್ನಿಟ್ಟು ಅಳೆಯಬೇಕು ಎಂದಾದರೆ ಐಇಪಿಯೇ ಬೇಕು. "ಮೊದಲು 504 ಮಾಡಿ ನೋಡೋಣ" ಎಂದು ಕೆಲವು ಶಾಲೆಗಳು ಹೇಳುತ್ತವೆ. ಅವರಿಗೆ ಅದು ಕಡಿಮೆ ಕೆಲಸ. ನೀವು ಬರೆದಿರುವುದನ್ನು ನೋಡಿದರೆ ಐಇಪಿ ಮೌಲ್ಯಮಾಪನವನ್ನೇ ಕೇಳಿ.

ಕೇಳುವುದು ಬಾಯಿಮಾತಿನಲ್ಲಲ್ಲ. ಅಡ್ಮಿಶನ್ ಆದ ದಿನವೇ ಪ್ರಿನ್ಸಿಪಾಲರಿಗೂ, ಆ ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನ ಸ್ಪೆಷಲ್ ಎಜುಕೇಶನ್ ವಿಭಾಗಕ್ಕೂ ಇಮೇಲ್ ಹಾಕಿ: ಮಗುವಿನ ಹೆಸರು, ಹುಟ್ಟಿದ ದಿನ, ಮೂರ್ನಾಲ್ಕು ಸಾಲಿನಲ್ಲಿ ತೊಂದರೆ, "ವಿಶೇಷ ಶಿಕ್ಷಣಕ್ಕಾಗಿ ಪೂರ್ಣ ಮೌಲ್ಯಮಾಪನ ಕೋರುತ್ತೇನೆ" ಎಂಬ ನೇರ ವಾಕ್ಯ. ಶಾಲೆ ಒಂದೋ ನಿಮ್ಮ ಒಪ್ಪಿಗೆಗೆ ಫಾರಂ ಕಳಿಸಬೇಕು, ಇಲ್ಲವೇ ಕಾರಣ ಸಹಿತ ಲಿಖಿತವಾಗಿ ನಿರಾಕರಿಸಬೇಕು. "ಕೆಲವು ತಿಂಗಳು ಕ್ಲಾಸಿನಲ್ಲೇ ಹೆಚ್ಚುವರಿ ಸಹಾಯ ಕೊಟ್ಟು ನೋಡೋಣ" ಎಂದು ಮೌಲ್ಯಮಾಪನವನ್ನು ಮುಂದೂಡುವಂತಿಲ್ಲ. ಫೆಡರಲ್ ಶಿಕ್ಷಣ ಇಲಾಖೆ 2011ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಗಡುವು ಲೆಕ್ಕಕ್ಕೆ ಬರುವುದು ನಿಮ್ಮ ಇಮೇಲ್‌ನಿಂದಲ್ಲ, ಒಪ್ಪಿಗೆಯ ಸಹಿಯಿಂದ: ಫೆಡರಲ್ ನಿಯಮದಂತೆ 60 ದಿನ, ಆದರೆ ರಾಜ್ಯಗಳು ತಮ್ಮದೇ ಅವಧಿ ಇಟ್ಟುಕೊಳ್ಳಬಹುದು. ಟೆಕ್ಸಾಸ್‌ನಲ್ಲಿ ಶಾಲೆ ನಡೆಯುವ 45 ದಿನ. ಹಾಗಾಗಿ ಫಾರಂ ಬಂದ ದಿನವೇ ಸಹಿ ಮಾಡಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಅರ್ಹ ಎಂದು ತೀರ್ಮಾನವಾದ ಮೇಲೆ 30 ದಿನದೊಳಗೆ ಐಇಪಿ ಮೀಟಿಂಗ್ ಆಗಬೇಕು.

ನಮ್ಮವರು ಎಡವುವ ಜಾಗ ಇನ್ನೊಂದಿದೆ. ದಾಖಲಾತಿಯಲ್ಲಿ ಮನೆಭಾಷೆ ಯಾವುದು ಎಂದು ಕೇಳಿದಾಗ, ಮಗುವನ್ನು ಬೇರೆ ಇಂಗ್ಲಿಷ್ ಕ್ಲಾಸಿಗೆ ಹಾಕುತ್ತಾರೆಂಬ ಭಯಕ್ಕೆ "ಇಂಗ್ಲಿಷ್" ಎಂದು ಬರೆದುಬಿಡುತ್ತಾರೆ. ಆಮೇಲೆ ಪರೀಕ್ಷೆಯೆಲ್ಲ ಇಂಗ್ಲಿಷಿನಲ್ಲೇ. ಮನೆಯಲ್ಲಿ "ನಾನು ಪಾರ್ಕಿಗೆ ಹೋದೆ" ಎಂದು ಸರಿಯಾಗಿ ಹೇಳುವ ಮಗು ಅದೇ ಪದಕ್ರಮದಲ್ಲಿ "ಐ ಪಾರ್ಕ್ ವೆಂಟ್" ಅಂದರೆ ಅದು ಭಾಷಾದೋಷವಾಗಿ ದಾಖಲಾಗುತ್ತದೆ. ಇದರ ತದ್ವಿರುದ್ಧವೂ ಆಗುತ್ತದೆ: ಕನ್ನಡದಲ್ಲೂ ತೊಡಕಿರುವ ಮಗುವಿಗೆ "ಇಂಗ್ಲಿಷ್ ಬಂದರೆ ಸರಿಹೋಗುತ್ತದೆ" ಎಂದು ವರ್ಷ ಕಳೆಯುತ್ತಾರೆ. ಕನ್ನಡ ಎಂದೇ ಬರೆಯಿರಿ, ಸಾಧ್ಯವಿರುವ ಕಡೆಯೆಲ್ಲ ಕನ್ನಡದಲ್ಲೂ ಪರೀಕ್ಷಿಸಲು ಕೇಳಿ. ಮೀಟಿಂಗಿನಲ್ಲಿ ನಿಮಗೆ ದುಭಾಷಿ ಬೇಕಿದ್ದರೆ ಏರ್ಪಾಡು ಮಾಡುವುದು ಶಾಲೆಯ ಹೊಣೆ.

ಪರೀಕ್ಷಾ ವರದಿಯನ್ನೂ ಐಇಪಿ ಕರಡನ್ನೂ ಮೀಟಿಂಗಿಗೆ ಕೆಲವು ದಿನ ಮೊದಲೇ ಕೇಳಿ ಪಡೆಯಿರಿ. ಅದರಲ್ಲಿ ಗುರಿಗಳನ್ನು ಕೆಂಪು ಪೆನ್ ಹಿಡಿದು ಓದಿ. "ಸಂವಹನ ಸುಧಾರಿಸುವನು" ಎಂಬುದು ಗುರಿಯೇ ಅಲ್ಲ, ವರ್ಷದ ಕೊನೆಗೆ ಅದನ್ನು ಅಳೆಯಲಾಗದು. "ಚಿತ್ರ ತೋರಿಸಿದಾಗ 5ರಲ್ಲಿ 4 ಸಲ, ಸಹಾಯವಿಲ್ಲದೆ ಮೂರು ಪದದ ವಾಕ್ಯ ಹೇಳುವನು" ಎಂದಿದ್ದರೆ ಲೆಕ್ಕ ಇಡಬಹುದು. ಸೇವೆಗಳ ಪಟ್ಟಿಯಲ್ಲಿ ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ, ಒಬ್ಬನಿಗೋ ಗುಂಪಿಗೋ, ಎಲ್ಲಿ ಎಂಬುದೆಲ್ಲ ಇರಬೇಕು. "ಅಗತ್ಯವಿದ್ದಾಗ" ಎಂಬ ಪದ ಕಂಡರೆ ತೆಗೆಸಿ. ಅಗತ್ಯ ಬಿತ್ತೆಂದು ಯಾರೂ ಹೇಳದೆ ವರ್ಷ ಮುಗಿದಿರುತ್ತದೆ.

ಮೀಟಿಂಗಿನಲ್ಲಿ ಟೀಚರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ನಮ್ಮ ಹಳೇ ಚಾಳಿ. ಹಾಜರಾತಿಗೆ ಸಹಿ ಬೇರೆ, ಒಪ್ಪಿಗೆಯ ಸಹಿ ಬೇರೆ. ಮೊದಲ ಐಇಪಿಗೆ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಸೇವೆ ಶುರು ಮಾಡುವಂತಿಲ್ಲ. ಮನೆಗೆ ಒಯ್ದು ಓದಿ ಬರುತ್ತೇವೆ ಎನ್ನಬಹುದು. ಶಾಲೆಯ ಪರೀಕ್ಷೆಯೇ ಸರಿಯಿಲ್ಲ ಎನಿಸಿದರೆ ಹೊರಗಿನ ತಜ್ಞರ ಮೌಲ್ಯಮಾಪನವನ್ನು ಶಾಲೆಯ ಖರ್ಚಿನಲ್ಲಿ ಕೇಳುವ ಹಕ್ಕಿದೆ. ಖರ್ಚು ಕೊಡಲು ಒಪ್ಪದಿದ್ದರೆ ತನ್ನ ಪರೀಕ್ಷೆ ಸರಿಯಿದೆ ಎಂದು ಶಾಲೆಯೇ ವಿಚಾರಣೆಗೆ ಹೋಗಬೇಕು.

ಖಾಸಗಿ ಶಾಲೆಗೆ ನೀವಾಗಿಯೇ ಸೇರಿಸಿದರೆ ಈ ಹಕ್ಕುಗಳಲ್ಲಿ ಬಹುಪಾಲು ಹೋದಂತೆ. ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆ ಪಬ್ಲಿಕ್ ಶಾಲೆಯೇ, ಅಲ್ಲಿ ಐಇಪಿ ನಡೆಯುತ್ತದೆ.

ಹೊರಡುವ ಮುಂಚೆ ಬೆಂಗಳೂರಿನವರಿಂದ ಬರೀ ತೀರ್ಮಾನವಲ್ಲ, ಪರೀಕ್ಷೆಗಳ ಹೆಸರು ಮತ್ತು ಅಂಕಗಳಿರುವ ಇಂಗ್ಲಿಷ್ ವರದಿ ಬರೆಸಿಕೊಳ್ಳಿ. ಥೆರಪಿಸ್ಟ್‌ರ ಟಿಪ್ಪಣಿ ಕೇಳಿ. ಮಗು ಮನೆಯಲ್ಲಿ ಕನ್ನಡದಲ್ಲಿ ಮಾತಾಡುವ ಎರಡು ಮೂರು ನಿಮಿಷದ ವಿಡಿಯೋನೂ ಫೋನಿನಲ್ಲಿರಲಿ. ಇಲ್ಲಿನ ಸ್ಪೀಚ್ ಥೆರಪಿಸ್ಟ್‌ಗೆ ಕನ್ನಡ ಬಾರದಿದ್ದರೂ, ಮಗು ಎಷ್ಟು ಪದ ಜೋಡಿಸುತ್ತದೆ, ಕೇಳಿದ್ದಕ್ಕೆ ಉತ್ತರಿಸುತ್ತದೋ ಇಲ್ಲವೋ ಎಂಬುದನ್ನು ನೀವು ಪಕ್ಕದಲ್ಲಿ ಕೂತು ವಿವರಿಸಬಹುದು.