ಊರಲ್ಲಿ ಯಾರ್ಯಾರಿಗೆ ಕಿಸಾನ್ ಹಣ ಬರುತ್ತದೆ ಅಂತ ನಾವು ನೋಡಬಹುದಾ?

ಖಂಡಿತ ನೋಡಬಹುದು. ಪುಣೆಯಲ್ಲಿ ಕೂತು ಸಾಂಗ್ಲಿ ಜಿಲ್ಲೆಯ ಜತ್ ಕಡೆಯ ನಮ್ಮೂರ ಪಟ್ಟಿ ತೆಗೆದರೆ 'ಮಂದಿ ಮನೆ ಲೆಕ್ಕ ನಿನಗ್ಯಾಕೆ' ಅಂತಾರೇನೋ ಎಂದು ಕೇಳಿದ್ದೀರಿ. ನಾನೂ ಆ ಕಡೆಯವನೇ, ಈಗ ಚಿಂಚವಡದಲ್ಲಿದ್ದೇನೆ. ಇದು ಮಂದಿ ಮನೆ ಲೆಕ್ಕ ಅಲ್ಲ, ನಮ್ಮೆಲ್ಲರ ತೆರಿಗೆ ಹಣದ ಲೆಕ್ಕ.

ಕೇಂದ್ರ ಸರ್ಕಾರ ರೈತರಿಗೆ ಹಣ ಕೊಡುವ ಪಿಎಂ-ಕಿಸಾನ್ ಯೋಜನೆಯ ವೆಬ್‌ಸೈಟಿನಲ್ಲಿ 'ಬೆನಿಫಿಷಿಯರಿ ಲಿಸ್ಟ್' ಒತ್ತಿ. ರಾಜ್ಯ, ಜಿಲ್ಲೆ, ತಾಲೂಕು, ಊರು ಆರಿಸಿದರೆ ಹೆಸರುಗಳು ಬರುತ್ತವೆ. ಹೊಲ ಎಲ್ಲಿದೆಯೋ ಆ ಜಿಲ್ಲೆ ಹಾಕಬೇಕು, ಅಂದರೆ ಸಾಂಗ್ಲಿ. ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು. ಮಹಾರಾಷ್ಟ್ರ ಸರ್ಕಾರ ರೈತರಿಗೆ ಕೊಡುವ ನಮೋ ಶೇತಕರಿ ಹಣ ಇದರಲ್ಲಿ ಸೇರಿಲ್ಲ, ಅದು ಬೇರೆ ಯೋಜನೆ.

ನಮ್ಮ ಕಾಕಾ ಕಣ್ಣಿನ ಆಪರೇಷನ್‌ಗೆ ಅಂತ ನನ್ನ ರೂಮಿಗೆ ಬಂದಿದ್ದರು. ಒಂದು ಕಣ್ಣಿಗೆ ಪಟ್ಟಿ. ನಾನು ಫೋನಿನಲ್ಲಿ ಹೆಸರು ಓದುತ್ತಿದ್ದೆ, ಅವರು ಗೋಡೆಗೆ ಒರಗಿ 'ಇಂವ ಹಳ್ಳದ ಹೊಲದಾಂವ', 'ಇಂವ ಮಾಸ್ತರ ಅಣ್ಣ' ಅಂತ ಒಬ್ಬೊಬ್ಬರ ಗುರುತು ಹೇಳುತ್ತಿದ್ದರು. ಪಟ್ಟಿ ಮುಗಿಯಿತು. ಸ್ವಲ್ಪ ಹೊತ್ತು ಸುಮ್ನಿದ್ದು, 'ಬಾವಿಮನಿ ಕಾಕೂನ ಹೆಸರು ಬರಲೇ ಇಲ್ಲಲ್ಲೋ' ಅಂದರು.

ಆಕೆಯ ಗಂಡ ತೀರಿಕೊಂಡು ಮೂರು ವರ್ಷ. ಸಾತಬಾರಾ ಉತಾರ, ಅಂದರೆ ಹೊಲದ ಪಹಣಿ, ಇನ್ನೂ ಗಂಡನ ಹೆಸರಲ್ಲೇ ಇತ್ತು. ಹೊಲ ಗೇಯುವವಳು ಆಕೆ, ಕಾಗದದಲ್ಲಿ ಆಕೆ ಇಲ್ಲ. ತಲಾಠಿ (ಊರಿನ ಗ್ರಾಮ ಲೆಕ್ಕಿಗ) ಹತ್ತಿರ ವಾರಸಾ ನೋಂದಣಿ ಮಾಡಿಸಿ, ಹೊಸದಾಗಿ ಅರ್ಜಿ ಹಾಕಿಸಿದೆವು. ಎಂಟು ತಿಂಗಳಿಗೆ ಮೊದಲ ಕಂತು ಬಂತು. ಪಟ್ಟಿ ಎಲ್ಲರಿಗೂ ಕಾಣದೇ ಇದ್ದಿದ್ದರೆ ಆಕೆ ಬಿಟ್ಟುಹೋಗಿದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಇರುವ ಹೆಸರಿಗಿಂತ ಇಲ್ಲದ ಹೆಸರು ಹುಡುಕಿ.

ಹಾಗಂತ ತಪ್ಪಾಗಿ ಪಡೆಯುವವರು ಕಡಿಮೆ ಅಂತ ಅಲ್ಲ. ಆದಾಯ ತೆರಿಗೆ ಕಟ್ಟುವವರು, ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಪೆನ್ಶನ್ ಬರುವವರು ಇದನ್ನು ಪಡೆಯುವಂತಿಲ್ಲ. ಆದರೂ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿತ್ತು ಅಂತ ಕೇಂದ್ರ ಕೃಷಿ ಸಚಿವಾಲಯವೇ ಉತ್ತರ ಕೊಟ್ಟಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ತೆರಿಗೆ ಕಟ್ಟುವವರು. ಯಾರೋ ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ ಹೊರಬಂದ ಲೆಕ್ಕ ಅದು.

ಡ್ರಿಪ್, ಪಂಪ್‌ಸೆಟ್ ಸಬ್ಸಿಡಿ ಪಟ್ಟಿ ನೋಡಬೇಕಾದರೂ ಅದೇ ದಾರಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಸಬ್ಸಿಡಿ ಎಷ್ಟು, ಯಾರಿಗೆ ಅನ್ನೋದನ್ನು ಕಚೇರಿಯೇ ತಾನಾಗಿ ಪ್ರಕಟಿಸಬೇಕು. ಮಾಡಿಲ್ಲ ಅಂದರೆ ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಹಚ್ಚಿ ತಾಲೂಕು ಕೃಷಿ ಕಚೇರಿಗೆ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು. ಜತ್‌ನಲ್ಲಿ ನಾವು ಮಾತಾಡೋದು ಕನ್ನಡ, ಆದರೆ ಅರ್ಜಿ ಮರಾಠಿಯಲ್ಲೇ ಬರೆಯಿರಿ, ಕೆಲಸ ಬೇಗ ಆಗುತ್ತದೆ.

ಆಧಾರ್, ಫೋನ್, ಬ್ಯಾಂಕ್ ಖಾತೆ ನಂಬರು ಕೇಳಬೇಡಿ. ಅವು ಗುಟ್ಟಾಗಿಯೇ ಇರಬೇಕು. ಹೆಸರಿನ ಜೊತೆ ತಂದೆ ಅಥವಾ ಗಂಡನ ಹೆಸರು, ಕೊಟ್ಟ ಮೊತ್ತ ಕೇಳಿ. ನಮ್ಮೂರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದಾರೆ, ಬರೀ ಹೆಸರಿದ್ದರೆ ಯಾರು ಅಂತ ಗೊತ್ತಾಗಲ್ಲ. ಮರಾಠಿ ಅರ್ಜಿಯ ನಮೂನೆ ನನ್ನ ಹತ್ತಿರ ಇದೆ, ಬೇಕಾದರೆ ಕೇಳಿ, ಕಳಿಸುತ್ತೇನೆ.