ಮನೆಗೂ ಕಾರಿಗೂ ಒಂದೇ ವ್ಯಾಕ್ಯೂಮ್ ಕ್ಲೀನರ್: ಬಾಳಿಕೆ ಬರುವುದನ್ನು ಆರಿಸುವುದು ಹೇಗೆ?

ಮನೆಗೂ ಕಾರಿಗೂ ಒಂದೇ ಯಂತ್ರ ಸಾಕೇ, ಅದು ಎಷ್ಟು ವ್ಯಾಟಿನದಾಗಿರಬೇಕು, ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ವ್ಯಾಕ್ಯೂಮ್ ಕ್ಲೀನರೇ ಸಾಲದೇ ಎಂದು ನೀವು ಕೇಳಿದ್ದೀರಿ. ಒಂದೇ ಯಂತ್ರ ಧಾರಾಳವಾಗಿ ಸಾಕು. ಆದರೆ ಅದು ಒಣ ಕಸವನ್ನೂ ನೀರನ್ನೂ ಎಳೆಯುವ, ಡ್ರಮ್ಮಿನ ಆಕಾರದ ‘ವೆಟ್ ಅಂಡ್ ಡ್ರೈ’ ಮಾದರಿಯದಾಗಿರಬೇಕು. 1000ದಿಂದ 1200 ವ್ಯಾಟ್, 10ರಿಂದ 17 ಲೀಟರ್ ಹಿಡಿಯುವ ತೊಟ್ಟಿ, 32 ಅಥವಾ 35 ಮಿಲಿಮೀಟರ್ ವ್ಯಾಸದ ಪೈಪು, ತೊಳೆದು ಮತ್ತೆ ಹಾಕಬಹುದಾದ ಫಿಲ್ಟರು ಇಷ್ಟಿದ್ದರೆ ಒಂದು ಮನೆ ಮತ್ತು ಒಂದು ಕಾರಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಯಾವ ಕಂಪನಿಯದು ಎಂಬುದಕ್ಕಿಂತಲೂ, ಆ ಯಂತ್ರದ ಫಿಲ್ಟರು ಮತ್ತು ಪೈಪು ನಾಲ್ಕು ವರ್ಷದ ಮೇಲೂ ನಿಮಗೆ ಬಿಡಿಯಾಗಿ ಸಿಗುತ್ತವೆಯೇ ಎಂಬುದು ದೊಡ್ಡ ಪ್ರಶ್ನೆ. ಇದನ್ನು ನಾನು ಎರಡು ಬಾರಿ ದುಡ್ಡು ಕಳೆದುಕೊಂಡ ಮೇಲೆ ಕಲಿತೆ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಯ ಮನೆ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು, ಮಳೆಗಾಲದಲ್ಲಿ ಅದೇ ಮಣ್ಣಿನ ಕೆಸರು, ಅಡಿಕೆ ಸುಲಿಯುವ ಕಾಲಕ್ಕೆ ಜಗುಲಿಯಿಂದ ಹಿಡಿದು ಕಾರಿನ ಡಿಕ್ಕಿಯವರೆಗೆ ಸಿಪ್ಪೆಯ ನಾರು. ನಾನು ಮೊದಲು ತಂದದ್ದು ನೀವು ಹೇಳುವಂಥ 12 ವೋಲ್ಟಿನ ಪುಟ್ಟ ಯಂತ್ರವನ್ನೇ. ಸೀಟಿನ ಮೇಲೆ ಉದುರಿದ ಬಿಸ್ಕತ್ತಿನ ಪುಡಿಯನ್ನು ಅದು ಚೆನ್ನಾಗಿಯೇ ಎಳೆಯುತ್ತಿತ್ತು, ಆದರೆ ಕಾಲಡಿಯ ಕಾರ್ಪೆಟ್ಟಿನೊಳಗೆ ಕೂತ ಮಣ್ಣನ್ನು ಅಲುಗಾಡಿಸಲೂ ಅದರಿಂದ ಆಗಲಿಲ್ಲ. ಇದು ಆ ಒಂದು ಯಂತ್ರದ ದೋಷವಲ್ಲ, ಲೆಕ್ಕವೇ ಹಾಗಿದೆ. ಕಾರಿನ ಆ ಸಾಕೆಟ್ಟಿಗೆ ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನ ಫ್ಯೂಸ್ ಇರುತ್ತದೆ; 12 ವೋಲ್ಟಿಗೆ ಗುಣಿಸಿದರೆ ಸಿಗುವುದು 120ರಿಂದ 180 ವ್ಯಾಟ್ ಮಾತ್ರ. ಡಬ್ಬಿಯ ಮೇಲೆ ಏನೇ ಬರೆದಿದ್ದರೂ ಆ ತಂತಿಯಲ್ಲಿ ಅದಕ್ಕಿಂತ ಹೆಚ್ಚು ವಿದ್ಯುತ್ ಹರಿಯಲಾರದು, ಹರಿದರೆ ಫ್ಯೂಸ್ ಹೋಗುತ್ತದೆ. ನನ್ನದು ಎರಡು ಬಾರಿ ಹೋಯಿತು.

ಎರಡನೆಯದು ಬಟ್ಟೆ ಚೀಲದ, ಮನೆಬಳಕೆಯ ಯಂತ್ರ. ಎಳೆತದಲ್ಲಿ ದೂರುವಂಥದ್ದೇನೂ ಇರಲಿಲ್ಲ. ಮೂರನೆಯ ವರ್ಷ ಪೈಪು ಹಿಡಿಕೆಯ ಬುಡದಲ್ಲಿ ಸೀಳಿತು. ಮಾರಿದ ಕಂಪನಿಗೆ ಫೋನ್ ಮಾಡಿದರೆ ಆ ಮಾದರಿಯನ್ನು ನಿಲ್ಲಿಸಿದ್ದೇವೆ, ಪೈಪು ಇಲ್ಲ ಎಂದರು; ಬೇರೆ ಕಂಪನಿಯ ಪೈಪಿನ ಮೂತಿ ಅದಕ್ಕೆ ಕೂರಲಿಲ್ಲ. ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ ಸುತ್ತಿ ಕೆಲವು ತಿಂಗಳು ನಡೆಸಿದೆ, ಆಮೇಲೆ ಅದೂ ಬಿಟ್ಟುಕೊಂಡಿತು. ಮೋಟಾರು ಇಂದಿಗೂ ಗಟ್ಟಿಯಾಗಿರುವ ಆ ಯಂತ್ರ ಒಂದು ಪೈಪಿನ ದೆಸೆಯಿಂದ ನಮ್ಮ ಅಟ್ಟದ ಮೇಲೆ ಕೂತಿದೆ. ಆದ್ದರಿಂದ ಅಂಗಡಿಗೆ ಹೋದಾಗ ಯಂತ್ರದ ಬೆಲೆ ಕೇಳುವ ಮೊದಲು ಆ ಮಾದರಿಯ ಫಿಲ್ಟರಿನ ಬೆಲೆ, ಪೈಪಿನ ಬೆಲೆ, ಮೋಟಾರಿನೊಳಗೆ ಉಜ್ಜುತ್ತಾ ವಿದ್ಯುತ್ ದಾಟಿಸಿ ಸವೆಯುವ ಕಾರ್ಬನ್ ಬ್ರಷ್ಷಿನ ಬೆಲೆ ಕೇಳಿ. ಅವು ಕಪಾಟಿನಲ್ಲಿದ್ದರೆ ತೋರಿಸಲು ಹೇಳಿ. ಇನ್ನೊಂದು ಊರಿನಿಂದ ತರಿಸಿಕೊಡುತ್ತೇವೆ ಎಂಬ ಉತ್ತರ ಬಂದರೆ, ಯಂತ್ರ ಕೊಳ್ಳುವಾಗಲೇ ಒಂದು ಹೆಚ್ಚುವರಿ ಫಿಲ್ಟರನ್ನು ತರಿಸಿ ಜೊತೆಗಿಟ್ಟುಕೊಳ್ಳಿ. ಕಾರ್ಚರ್, ಇನಾಲ್ಸಾ, ಯುರೇಕಾ ಫೋರ್ಬ್ಸ್ ಈ ಮೂರೂ ಹೆಸರಿನಲ್ಲಿ ಡ್ರಮ್ ಮಾದರಿಗಳು ನಮ್ಮಲ್ಲಿ ಸಿಗುತ್ತವೆ. ಇವುಗಳ ನಡುವೆ ಯಾವುದು ಎಂದು ತೀರ್ಮಾನಿಸಲು ನಾನು ಬಳಸುವ ಅಳತೆಗೋಲು ಬಿಡಿಭಾಗ ಒಂದೇ.

ಈಗ ವ್ಯಾಟಿನ ವಿಚಾರ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ವ್ಯಾಟ್ ಎಂದರೆ ಯಂತ್ರ ತಿನ್ನುವ ವಿದ್ಯುತ್ತು, ಅದು ಎಳೆಯುವ ಬಲವಲ್ಲ. ಐರೋಪ್ಯ ಒಕ್ಕೂಟವು 2014ರ ಸೆಪ್ಟೆಂಬರಿನಿಂದ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರುಗಳಿಗೆ 1600 ವ್ಯಾಟಿನ ಮಿತಿ ಹಾಕಿ, 2017ರ ಸೆಪ್ಟೆಂಬರಿನಿಂದ ಅದನ್ನು 900 ವ್ಯಾಟಿಗೆ ಇಳಿಸಿತು. ನೀರೆಳೆಯುವ ಡ್ರಮ್ ಮಾದರಿಗಳು ಆ ನಿಯಮದಿಂದ ಹೊರಗಿದ್ದವು, ಆದರೂ ಅದರಿಂದ ತಿಳಿಯುವುದು ಇಷ್ಟು: ಮೂತಿ, ಗಾಳಿಯ ದಾರಿ ಮತ್ತು ಫಿಲ್ಟರನ್ನು ಸರಿಯಾಗಿ ಮಾಡಿದರೆ 900 ವ್ಯಾಟಿನಲ್ಲಿ ಇಡೀ ಮನೆಯ ಕಸ ಎಳೆಯಬಹುದು. ಡಬ್ಬಿಯ ಮೇಲೆ ಕಾಣುವ ಇನ್ನೊಂದು ಅಂಕಿ ಕಿಲೋಪಾಸ್ಕಲ್. ಮೂತಿಯನ್ನು ಪೂರ್ತಿ ಮುಚ್ಚಿ ಹಿಡಿದಾಗ ಒಳಗೆ ಎಷ್ಟು ನಿರ್ವಾತ ಕಟ್ಟುತ್ತದೆ ಎಂಬುದರ ಅಳತೆ ಅದು. ಆದರೆ ಮೂತಿ ಮುಚ್ಚಿದಾಗ ಗಾಳಿಯೇ ಹರಿಯುವುದಿಲ್ಲ, ಗಾಳಿ ಹರಿಯದೆ ಕಸ ಏಳುವುದಿಲ್ಲ. ನಿರ್ವಾತವೂ ಬೇಕು, ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಹರಿಯುತ್ತದೆ ಎಂಬುದೂ ಬೇಕು. ಇವೆರಡರಲ್ಲಿ ಒಂದನ್ನಷ್ಟೇ ಬರೆದು ಸುಮ್ಮನಿರುವ ಡಬ್ಬಿಯನ್ನು ನಂಬಿ ದುಡ್ಡು ಕೊಡಬೇಡಿ.

ಹೆಚ್ಚು ವ್ಯಾಟಿನ ಯಂತ್ರಕ್ಕೆ ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಗೋಡೆಯ ಸಣ್ಣ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ತಾಳುವುದು ಲೆಕ್ಕಕ್ಕೆ 1380 ವ್ಯಾಟ್. 1600 ವ್ಯಾಟಿನ ಯಂತ್ರಕ್ಕೆ ಗೀಸರಿಗೆ ಹಾಕುವಂಥ 16 ಆಂಪಿಯರಿನ ಸಾಕೆಟ್ಟೇ ಬೇಕು, ಅದು ಕಾರು ನಿಲ್ಲುವ ಜಾಗದಲ್ಲಿ ಎಷ್ಟು ಮನೆಗಳಲ್ಲಿ ಇದೆ? 1000 ವ್ಯಾಟಿನದು ಎಲ್ಲಿ ಬೇಕಾದರೂ ಓಡುತ್ತದೆ. ಎಕ್ಸ್‌ಟೆನ್ಷನ್ ಹಾಕುವುದಾದರೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿಸಿ, ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ ಹರಡಿ. ಸುತ್ತಿಟ್ಟ ವೈರು ಒಳಗೊಳಗೇ ಕಾಯುತ್ತದೆ. ಇನ್ವರ್ಟರಿನ ಲೈನಿಗಂತೂ ಚುಚ್ಚಲೇಬೇಡಿ, ಮನೆಯ ಸಾಮಾನ್ಯ ಇನ್ವರ್ಟರ್ 700 ವ್ಯಾಟಿನ ಆಸುಪಾಸಿಗೇ ಸೋಲುತ್ತದೆ.

ಡ್ರಮ್ ಮಾದರಿ ಒರಟು ಬಳಕೆಗೆ ಬಗ್ಗದಿರುವುದಕ್ಕೆ ಅದರ ಮೋಟಾರಿನ ಜೋಡಣೆಯೇ ಮುಖ್ಯ ಕಾರಣ. ಒಣ ಕಸಕ್ಕೆ ಮಾತ್ರ ಮಾಡಿದ ಹೆಚ್ಚಿನ ಯಂತ್ರಗಳಲ್ಲಿ, ಎಳೆದುಕೊಂಡ ಗಾಳಿಯೇ ಫಿಲ್ಟರ್ ದಾಟಿ ಮೋಟಾರಿನ ಮೈಮೇಲೆ ಹಾದು ಅದನ್ನು ತಂಪು ಮಾಡುತ್ತದೆ. ಫಿಲ್ಟರು ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಮೋಟಾರು ಕಾಯುತ್ತದೆ, ಕಾಯ್ದು ಕಾಯ್ದು ಸುಡುತ್ತದೆ. ನೀರೆಳೆಯುವ ಯಂತ್ರದಲ್ಲಿ ತೇವದ ಗಾಳಿ ಮೋಟಾರಿಗೆ ತಾಗುವಂತಿಲ್ಲವಾದ್ದರಿಂದ ತಂಪು ಮಾಡುವ ಗಾಳಿಗೆ ಬೇರೆ ದಾರಿಯನ್ನೇ ಕೊಟ್ಟಿರುತ್ತಾರೆ. ಇದನ್ನು ಬೈಪಾಸ್ ಮೋಟಾರ್ ಎನ್ನುತ್ತಾರೆ. ಫಿಲ್ಟರನ್ನು ಒಂದು ದಿನ ಅಲಕ್ಷಿಸಿದರೂ ಅದು ಕ್ಷಮಿಸುತ್ತದೆ, ಸವೆದ ಕಾರ್ಬನ್ ಬ್ರಷ್ಷನ್ನು ಊರಿನ ಮೋಟಾರ್ ರಿಪೇರಿಯವರೂ ಬದಲಿಸಿಕೊಡಬಲ್ಲರು.

ಕಾರಿನಲ್ಲಿ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಹೋದ ವರ್ಷ ಮರವಂತೆಯ ಸಮುದ್ರ ನೋಡಿ ಬಂದೆವು. ಮಕ್ಕಳ ಕಾಲಿಗೆ, ಬಟ್ಟೆಗೆ ಅಂಟಿದ ಮರಳೆಲ್ಲ ಹಿಂದಿನ ಸೀಟಿನಡಿಗೆ ಸೇರಿತು. ಮರುದಿನ ಮ್ಯಾಟುಗಳನ್ನು ಹೊರಗೆ ಹಾಕಿ, ಎಡಗೈಯಿಂದ ಕಾರ್ಪೆಟ್ಟನ್ನು ತಟ್ಟುತ್ತಾ ಬಲಗೈಯಲ್ಲಿ ಚಪ್ಪಟೆ ಮೂತಿಯನ್ನು ಹಿಡಿದು ನಿಧಾನವಾಗಿ ಎಳೆದೆ. ತಟ್ಟಿದಾಗ ನಾರಿನ ಬುಡದಿಂದ ಮರಳು ಮೇಲಕ್ಕೆ ಕುಣಿದು ಬರುತ್ತದೆ, ಪೈಪಿನೊಳಗೆ ಚರಚರ ಸದ್ದು ಕೇಳುತ್ತದೆ. ಸದ್ದು ನಿಂತ ಮೇಲೆ ಅಂಗೈ ಅಗಲ ಮುಂದಕ್ಕೆ ಹೋಗಬೇಕು. ಪೂರ್ತಿ ಆಯಿತೆಂದು ಎದ್ದು ಹತ್ತು ನಿಮಿಷ ಬಿಟ್ಟು ಮತ್ತೆ ತಟ್ಟಿದರೆ ಮತ್ತೆ ಚರಚರ. ಮೂರು ಸಲ ಹೀಗೆ ಮಾಡಿದ ಮೇಲೆ ತೊಟ್ಟಿ ಬಿಚ್ಚಿ ನೋಡಿದರೆ ಎರಡು ಬೊಗಸೆ ಮರಳಿತ್ತು. ಸೀಟಿನ ಹಳಿಯ ಗ್ರೀಸಿಗೆ ಅಂಟಿದ ಮರಳು ಮಾತ್ರ ಎಳೆತಕ್ಕೆ ಬರಲಿಲ್ಲ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆದಕಿ, ಆಮೇಲೆ ಎಳೆಯಬೇಕಾಯಿತು. ಇಂಥ ಕೆಲಸಕ್ಕೆ ಪೈಪು ಕನಿಷ್ಠ ಎರಡು ಮೀಟರ್ ಉದ್ದವಿರಲಿ. ಮೋಟು ಪೈಪಾದರೆ ಡ್ರಮ್ಮು ಬಾಗಿಲಿಗೆ ಬಡಿದು ಬಣ್ಣ ಕೆರೆಯುತ್ತದೆ. ತೊಟ್ಟಿ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಚಕ್ರ ಮತ್ತು ಮುಚ್ಚಳದ ಕೊಂಡಿ ಗಟ್ಟಿಯಾಗಿದ್ದರೆ ಸಾಕು.

ನೀರೆಳೆಯುವ ಗುಣ ನಿಮಗೆ ಬೇಡವೆನ್ನಿಸಬಹುದು, ಆದರೆ ಜುಲೈ ತಿಂಗಳ ಮಲೆನಾಡಿನಲ್ಲಿ ಕಾರು ಇಟ್ಟುಕೊಂಡವರಿಗೆ ಅದರ ಬೆಲೆ ಗೊತ್ತು. ಒದ್ದೆ ಚಪ್ಪಲಿಯ ನೀರು ಮ್ಯಾಟ್ ದಾಟಿ ಕಾರ್ಪೆಟ್ಟಿಗೆ ಇಳಿದರೆ ವಾರದೊಳಗೆ ಬೂಷ್ಟು ಹಿಡಿದು ಕಾರಿಡೀ ಮುಗ್ಗಲು ವಾಸನೆ ಬರುತ್ತದೆ. ಅದೇ ದಿನ ನೀರನ್ನು ಎಳೆದು, ಯಂತ್ರದ ಹಿಂದಿರುವ ಗಾಳಿ ಊದುವ ತೂತಿಗೆ ಪೈಪು ಸಿಕ್ಕಿಸಿ ಕಾರ್ಪೆಟ್ಟಿನ ಮೇಲೆ ಊದಿದರೆ ಬಹುಮಟ್ಟಿಗೆ ಒಣಗುತ್ತದೆ. ನೀರೆಳೆಯುವ ಮೊದಲು ಒಣ ಕಸದ ಫಿಲ್ಟರನ್ನು ತೆಗೆದು ಸ್ಪಂಜಿನ ಕವಚವನ್ನು ಹಾಕಬೇಕೇ ಎಂಬುದನ್ನು ಮಾದರಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಎಲ್ಲದರಲ್ಲೂ ಒಂದೇ ಪದ್ಧತಿಯಿಲ್ಲ. ತೊಟ್ಟಿಯಲ್ಲಿ ನೀರು ಏರಿದಂತೆ ಒಳಗಿನ ತೇಲುಬುರುಡೆಯೂ ಏರಿ ಗಾಳಿಯ ದಾರಿಯನ್ನು ಮುಚ್ಚುತ್ತದೆ, ಆಗ ಮೋಟಾರಿನ ಸದ್ದು ತಟ್ಟನೆ ಕೀರಲಾಗುತ್ತದೆ. ಆ ಸದ್ದು ಕೇಳಿದೊಡನೆ ಆರಿಸಿ, ನೀರು ಚೆಲ್ಲಿ ಬನ್ನಿ. ಸೋಪಿನ ನೊರೆಯನ್ನು ಮಾತ್ರ ಎಳೆಯಬೇಡಿ. ನೊರೆಯಲ್ಲಿ ಬುರುಡೆ ತೇಲುವುದಿಲ್ಲವಾದ್ದರಿಂದ ದಾರಿ ಮುಚ್ಚದೆ ನೊರೆ ಸೀದಾ ಮೋಟಾರಿನತ್ತ ಹೋಗುತ್ತದೆ.

ಮನೆಯೊಳಗಿನ ಬಳಕೆಯ ಬಗ್ಗೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. ದಿನಬೆಳಗಾದರೆ ನೆಲ ಗುಡಿಸಲು ಈ ಡ್ರಮ್ಮನ್ನು ಎಳೆದಾಡುವುದು ತ್ರಾಸ, ಅದರ ಸದ್ದಿಗೆ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತನಾಡಲಾಗುವುದಿಲ್ಲ. ಕೆಂಪು ಗಾರೆಯ ನಮ್ಮ ನೆಲಕ್ಕೆ ಹಿಡಿಸೂಡಿಯೇ ಬೇಗ. ಆದರೆ ಹಾಸಿಗೆ, ಸೋಫಾದ ಸಂದು, ಕಿಟಕಿಯ ಸೊಳ್ಳೆ ಜಾಲರಿ, ಅಟ್ಟದ ಜೇಡರಬಲೆ, ಫ್ರಿಜ್ಜಿನ ಹಿಂಬದಿ, ಇವಕ್ಕೆ ಇದರಷ್ಟು ಉಪಕಾರಿ ಬೇರೆ ಇಲ್ಲ. ಆಯುಧಪೂಜೆಯ ಹಿಂದಿನ ದಿನ ನಮ್ಮಲ್ಲಿ ಕಾರು, ಬೈಕು, ಅಡಿಕೆ ಸುಲಿಯುವ ಯಂತ್ರ ಎಲ್ಲವೂ ಇದರ ಊದುಗಾಳಿಯಲ್ಲಿ ಸ್ವಚ್ಛವಾಗುತ್ತವೆ. ಮನೆಯಲ್ಲಿ ಉಬ್ಬಸದವರಿದ್ದರೆ ಸಾಮಾನ್ಯ ಕಾಗದದ ಫಿಲ್ಟರಿಗೆ ತೃಪ್ತರಾಗಬೇಡಿ, ಎಚ್13 ದರ್ಜೆಯ ಹೆಪಾ ಫಿಲ್ಟರು ಆ ಮಾದರಿಗೆ ಸಿಗುತ್ತದೆಯೇ ಕೇಳಿ. ನುಸುಳಲು ಅತಿ ಸುಲಭವಾದ ಗಾತ್ರದ ಕಣಗಳಲ್ಲೂ 99.95 ಶೇಕಡಾ ಹಿಡಿಯಬೇಕೆಂಬುದು ಆ ದರ್ಜೆಯ ಕಟ್ಟಳೆ. ತೊಟ್ಟಿಯನ್ನು ಮಾತ್ರ ಉಬ್ಬಸದವರಿಂದ ದೂರ, ಅಂಗಳದಲ್ಲೇ ಖಾಲಿ ಮಾಡಿ.

ಫಿಲ್ಟರಿನ ಆರೈಕೆಯಲ್ಲಿ ಮೈಗಳ್ಳತನ ಮಾಡಿದರೆ ಎಂಥ ಯಂತ್ರವೂ ಉಳಿಯುವುದಿಲ್ಲ. ರಂಗೋಲಿ ಹುಡಿ, ಸಿಮೆಂಟು, ಗೋಡೆ ಉಜ್ಜಿದ ಪುಟ್ಟಿಯ ಪುಡಿ ಇವು ಹಿಟ್ಟಿನಂತೆ ನುಣುಪಾದ್ದರಿಂದ ನಿಮಿಷಗಳಲ್ಲಿ ಮಡಿಕೆಗಳನ್ನು ಕಟ್ಟಿಬಿಡುತ್ತವೆ. ಅಂಥ ಕೆಲಸಕ್ಕೆ ಫಿಲ್ಟರಿನ ಜೊತೆಗೆ ಕಾಗದದ ಅಥವಾ ಫ್ಲೀಸ್ ಬಟ್ಟೆಯ ಚೀಲವನ್ನೂ ಹಾಕಿ. ಹೋಮಕುಂಡದ ಅಥವಾ ಒಲೆಯ ಬೂದಿ ತಣ್ಣಗೆ ಕಂಡರೂ ಒಳಗೆ ಕೆಂಡವಿರಬಹುದು, ಅದನ್ನು ಎಳೆಯಲೇಬಾರದು. ಪೆಟ್ರೋಲು ಚೆಲ್ಲಿದ ಕಡೆ ಯಂತ್ರವನ್ನು ತರಲೂಬಾರದು, ಮೋಟಾರಿನ ಬ್ರಷ್ಷಿನಲ್ಲಿ ಸದಾ ಕಿಡಿ ಇರುತ್ತದೆ. ತೊಳೆದ ಫಿಲ್ಟರನ್ನು ನೆರಳಿನಲ್ಲಿ ಪೂರ್ತಿ ಒಂದು ದಿನ ಒಣಗಿಸಿ, ಮಳೆಗಾಲದಲ್ಲಾದರೆ ಎರಡು ದಿನ. ಹಸಿ ಫಿಲ್ಟರಿಗೆ ಧೂಳು ತಾಗಿದರೆ ಕೆಸರಾಗಿ ಅಂಟಿ, ಮತ್ತೆ ತೊಳೆದರೂ ಬಿಡುವುದಿಲ್ಲ. ಹೆಚ್ಚುವರಿ ಫಿಲ್ಟರ್ ತೆಗೆದಿಡಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿಸಿಯೇ.

ನೀವಿರುವುದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಾಗಿ, ಕೆಳಗೆ ಕಾರು ನಿಲ್ಲುವಲ್ಲಿ ಸಾಕೆಟ್ಟೇ ಇಲ್ಲದಿದ್ದರೆ ನನ್ನ ಸಲಹೆ ಬದಲಾಗುತ್ತದೆ. ಆಗ ಬ್ಯಾಟರಿಯದೇ ಗತಿ, ಆದರೆ ಕಡ್ಡಿಯಂಥ ತೆಳು ಯಂತ್ರಕ್ಕಿಂತ ಬಾಷ್, ಮಕಿತಾ, ಡಿವಾಲ್ಟ್‌ನಂಥವರು ಡ್ರಿಲ್ಲುಗಳಿಗೆಂದು ಮಾಡುವ 18 ವೋಲ್ಟಿನ ಬ್ಯಾಟರಿಯಲ್ಲೇ ಓಡುವ ಯಂತ್ರವನ್ನು ನೋಡಿ. ಬ್ಯಾಟರಿ ಸತ್ತರೆ ಅದನ್ನಷ್ಟೇ ಬದಲಿಸಬಹುದು. ಮನೆಯಲ್ಲಿ ಅದೇ ಕಂಪನಿಯ 18 ವೋಲ್ಟಿನ ಡ್ರಿಲ್ ಆಗಲೇ ಇದ್ದರೆ, ಹೊಂದುತ್ತದೆಯೇ ನೋಡಿಕೊಂಡು ಬ್ಯಾಟರಿಯಿಲ್ಲದ ಬರೀ ಯಂತ್ರವನ್ನು ಕಡಿಮೆ ಬೆಲೆಗೆ ತರಬಹುದು. ಪೂರ್ತಿ ಎಳೆತದಲ್ಲಿ ಇವು ಹೆಚ್ಚು ಹೊತ್ತು ಓಡುವುದಿಲ್ಲ, ಒಂದು ಕಾರಿಗೆ ಎರಡು ಬ್ಯಾಟರಿ ಇಟ್ಟುಕೊಳ್ಳುವುದು ಲೇಸು. ಕೆಲಸ ಮುಗಿದ ಮೇಲೆ ಯಂತ್ರವನ್ನು ಡಿಕ್ಕಿಯಲ್ಲಿ ಬಿಡದೆ ಮನೆಗೆ ತನ್ನಿ. ಬಿಸಿಲಿನಲ್ಲಿ ನಿಂತ ಕಾರಿನ ಕಾವು ಲಿಥಿಯಂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಹತ್ತಿರದ ಸಾಕೆಟ್ಟು ಎಷ್ಟು ಮೀಟರ್ ದೂರ ಎಂದು ತಿಳಿಸಿದರೆ ಈ ಎರಡರಲ್ಲಿ ಯಾವುದು ಎಂದು ಖಚಿತವಾಗಿ ಹೇಳಬಲ್ಲೆ.