ಫ್ಯಾಟಿ ಲಿವರ್ ಇದ್ದವರಲ್ಲಿ ಲಿವರ್ ಕ್ಯಾನ್ಸರ್ ಅಪಾಯ ಯಾರಿಗೆ ಹೆಚ್ಚು?

ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವವರಿಗೆ. ಬೊಜ್ಜು, ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಏರಿಕೆಯೂ ಲೆಕ್ಕಕ್ಕೆ ಬರುತ್ತವೆ, ಒಂದರ ಜೊತೆ ಇನ್ನೊಂದು ಸೇರಿದಷ್ಟೂ ಅಪಾಯ ಏರುತ್ತದೆ. ಆದರೆ ಇವುಗಳಲ್ಲಿ ದೊಡ್ಡ ಪಾಲು ಮಧುಮೇಹದ್ದೇ: ಅಪಾಯ ಸುಮಾರು 2 ಪಟ್ಟು, ಕೆಲವು ಅಧ್ಯಯನಗಳಲ್ಲಿ ಅದಕ್ಕೂ ಹೆಚ್ಚು. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಅದು ಜೀವಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ. ಜೊತೆಗೆ ಲಿವರ್‌ನಲ್ಲಿ ಉರಿಯೂತ ಬೇರೆ.

ಹಾಗಂತ ಸ್ಕ್ಯಾನ್ ರಿಪೋರ್ಟ್‌ನಲ್ಲಿ 'ಫ್ಯಾಟಿ ಲಿವರ್' ಎಂದು ಕಂಡ ಕೂಡಲೇ ಗಾಬರಿ ಬೇಡ, ಬಹುತೇಕರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಸಿರೋಸಿಸ್ (ಲಿವರ್‌ನಲ್ಲಿ ಗಾಯದ ಕಲೆಗಳು ತುಂಬಿ ಅದು ಗಟ್ಟಿಯಾಗುವುದು) ಆಗಿದ್ದರೆ ಮಾತು ಬೇರೆ: 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬಾರದು. ಸಿರೋಸಿಸ್ ಇಲ್ಲದೆಯೂ ಕೆಲವರಿಗೆ ಕ್ಯಾನ್ಸರ್ ಬರುವುದುಂಟು. ಮದ್ಯ ಮುಟ್ಟದವರೂ ಇದಕ್ಕೆ ಹೊರತಲ್ಲ. ಸಕ್ಕರೆ ಕಾಯಿಲೆಯೂ ಇದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಫೈಬ್ರೋಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ.